ಅರ್ಬುದ ಚಿಕಿತ್ಸೆಯೂ ರಕ್ತಗತ ಮೇದಸ್ಸೂ

ಚಿಕ್ಕೋಡಿ, ನಿಪ್ಪಾಣಿ ಸೀಮೆಯ ನೆಲವು ಬೀಡಿ ತಂಬಾಕಿಗೆ ಹೆಸರಾದುದು. ಹೊಲದಲ್ಲಿ ಬೆಳೆದು, ವಖಾರಿಗಳಲ್ಲಿ ಹದಗೊಂಡು, ಬೀಡಿ ಕಟ್ಟುವ ತಾಯಂದಿರ ಮೊರಗಳನ್ನು ಸೇರುವ ಈ ಎಲೆಯು ಎಷ್ಟೋ ಮನೆಗಳ ಒಲೆಯನ್ನು ಉರಿಸಿದೆ. ಅದನ್ನು ಸೇದುವವರಿಗೂ ಸುಣ್ಣದೊಡನೆ ತಿಕ್ಕಿ ದವಡೆಯಲ್ಲಿ ಇಟ್ಟುಕೊಳ್ಳುವವರಿಗೂ ಬಾಯಿ, ಗಂಟಲುಗಳ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಅದೇ ಎಲೆಯು ತಂದೊಡ್ಡುತ್ತದೆಂಬುದು ಈಗ ನಿರ್ವಿವಾದ. ರಾಯಬಾಗ, ಅಥಣಿ, ಕಾಗವಾಡಗಳಿಂದ ಮಿರಜಿಗೋ ಬೆಳಗಾವಿಗೋ ಚಿಕಿತ್ಸೆಗೆ ಹೋಗಿ ಬರುವವರ ಚೀಲದಲ್ಲಿ ರಕ್ತಪರೀಕ್ಷೆಯ ಕಾಗದಗಳ ಕಟ್ಟೇ ಇರುತ್ತದೆ. ಕೊಲೆಸ್ಟರಾಲು ಕಡಿಮೆಯೆಂದು ಅದರಲ್ಲಿ ಬರೆದಿದ್ದರೆ ಮನೆಯವರು ಹಿಗ್ಗುವುದುಂಟು. ಹೃದ್ರೋಗಿಗೆ ಹಿತವಾದ ಆ ಅಂಕಿಯು ಅರ್ಬುದ ರೋಗಿಯಲ್ಲಿ ಬೇರೆಯೇ ಅರ್ಥವನ್ನು ಸೂಚಿಸಬಹುದು.

ಮೇದಸ್ಸು ನೀರಿನಲ್ಲಿ ಕರಗದ ವಸ್ತು. ಆದುದರಿಂದ ಅದು ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳಾಗಿ ರಕ್ತದಲ್ಲಿ ಸಂಚರಿಸುತ್ತದೆ. ಎಲ್.ಡಿ.ಎಲ್. ಎಂಬ ಕಣವು ಕೊಲೆಸ್ಟರಾಲನ್ನು ಜೀವಕೋಶಗಳಿಗೆ ಒಯ್ಯುತ್ತದೆ, ಎಚ್.ಡಿ.ಎಲ್. ಎಂಬುದು ಮಿಕ್ಕುದನ್ನು ಯಕೃತ್ತಿಗೆ ಮರಳಿಸುತ್ತದೆ. ಎಲ್.ಡಿ.ಎಲ್. ಕಣವನ್ನು ಕೋಶವು ಒಳಕ್ಕೆ ಬರಮಾಡಿಕೊಳ್ಳುವ ಬಾಗಿಲನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ಕೋಶವು ಎರಡಾಗಬೇಕಾದರೆ ಹೊಸ ಪೊರೆ ಬೇಕು, ಪೊರೆಗೆ ಕೊಲೆಸ್ಟರಾಲು ಬೇಕು. ಎಡೆಬಿಡದೆ ವೃದ್ಧಿಯಾಗುವ ಅರ್ಬುದ ಕೋಶಗಳು, ಅದರಲ್ಲಿಯೂ ರಕ್ತಾರ್ಬುದದ ಕೋಶಗಳು, ಹಲವು ವೇಳೆ ಇಂತಹ ಬಾಗಿಲುಗಳನ್ನು ಹೆಚ್ಚಿಸಿಕೊಂಡು ರಕ್ತದಲ್ಲಿರುವುದನ್ನು ಸೆಳೆದುಕೊಳ್ಳುತ್ತವೆ.

ಸುಶ್ರುತ ಸಂಹಿತೆಯಲ್ಲಿ ಮೇದೋಜ ಅರ್ಬುದವೆಂಬ ಒಂದು ಭೇದವಿದೆ. ಅದನ್ನು ಹಿಡಿದು ಈ ಸಂಗತಿಯೆಲ್ಲವೂ ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸುವುದು ಶಬ್ದಸಾಮ್ಯಕ್ಕೆ ಮರುಳಾದಂತೆ. ಅಲ್ಲಿ ಹೇಳಿರುವುದು ಗಡ್ಡೆಯ ಲಕ್ಷಣವನ್ನು, ರಕ್ತದ ಪ್ರಮಾಣವನ್ನಲ್ಲ.

ರೋಗದ ಏರಿಳಿತಕ್ಕೂ ಈ ಅಂಕಿಗಳಿಗೂ ಇರುವ ನಂಟು ಮಕ್ಕಳಿಗೆ ಬರುವ ತೀವ್ರ ರಕ್ತಾರ್ಬುದದಲ್ಲಿ ಚೆನ್ನಾಗಿ ಕಂಡುಬಂದಿದೆ. ರೋಗವು ಪತ್ತೆಯಾದಾಗ ಎಚ್.ಡಿ.ಎಲ್. ತೀರ ಇಳಿದು ಟ್ರೈಗ್ಲಿಸರೈಡು ಏರಿರುತ್ತದೆ. ಔಷಧಕ್ಕೆ ರೋಗವು ಮಣಿದಂತೆ ಎಚ್.ಡಿ.ಎಲ್. ಮತ್ತೆ ಮೇಲೇರುತ್ತದೆ. ತಲೆ, ಕತ್ತಿನ ಭಾಗದ ಅರ್ಬುದವುಳ್ಳವರಲ್ಲಿಯೂ ಕೊಲೆಸ್ಟರಾಲು, ಎಚ್.ಡಿ.ಎಲ್. ಎರಡೂ ಆರೋಗ್ಯವಂತರಿಗಿಂತ ಕಡಿಮೆ ಇರುವುದನ್ನು ಅಹಮದಾಬಾದಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದರು.

ತೊಡಕಿರುವುದು ಇಲ್ಲಿಯೇ. ಬಾಯಿಯ ಹುಣ್ಣಿನಿಂದ ಗುಟುಕು ಗಂಜಿಯೂ ಇಳಿಯದವನ ರಕ್ತದಲ್ಲಿ ಕೊಲೆಸ್ಟರಾಲು ಕುಗ್ಗಿದರೆ ಅದು ರೋಗದ ಕೃತ್ಯವೋ ಹಸಿವಿನ ಕೃತ್ಯವೋ? ಕಿರಣ ಚಿಕಿತ್ಸೆಯೂ ಬಾಯನ್ನು ಹುಣ್ಣಾಗಿಸಿ ಆಹಾರವನ್ನು ತಡೆಯುತ್ತದೆ. ಆಗ ಚಿಕಿತ್ಸೆಯು ಫಲಿಸುತ್ತಿದ್ದರೂ ಅಂಕಿಯು ಇಳಿಯಬಹುದು. ಮಕ್ಕಳ ರಕ್ತಾರ್ಬುದಕ್ಕೆ ಕೊಡುವ ಆಸ್ಪರಾಜಿನೇಸ್ ಮತ್ತು ಸ್ಟೀರಾಯ್ಡ್ ಔಷಧಗಳು ಟ್ರೈಗ್ಲಿಸರೈಡನ್ನು ವಿಪರೀತವಾಗಿ ಏರಿಸಬಲ್ಲವು. ಸ್ತನಾರ್ಬುದಕ್ಕೆ ಕೊಡುವ ಟಮಾಕ್ಸಿಫೆನ್ ಎಲ್.ಡಿ.ಎಲ್. ಅನ್ನು ತಗ್ಗಿಸುತ್ತದೆ. ಹೀಗೆ ಒಂದೇ ಅಂಕಿಗೆ ಹಲವು ಕಾರಣಗಳಿರುವುದರಿಂದ ವೈದ್ಯರು ಇದನ್ನು ಉಪಸಾಕ್ಷಿಯೆಂದು ಮಾತ್ರ ಎಣಿಸುತ್ತಾರೆ. ತೀರ್ಪು ಹೇಳುವುದು ಗಡ್ಡೆಯ ಚೂರಿನ ಪರೀಕ್ಷೆ, ಸ್ಕ್ಯಾನಿನ ಚಿತ್ರ, ರಕ್ತಾರ್ಬುದವಾದರೆ ಅಸ್ಥಿಮಜ್ಜೆಯ ಪರೀಕ್ಷೆ.

ಕೊಲೆಸ್ಟರಾಲು ಸರಿಹೋಯಿತೆಂದು ಆರೇಳು ವಾರಗಳ ಕಿರಣ ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಮರಳುವುದು ಪ್ರಾಣಕ್ಕೇ ಅಪಾಯ. ಗಡ್ಡೆಯಲ್ಲಿ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಎರಡನೆಯ ಸಲ ಅವನ್ನು ಅಡಗಿಸುವುದು ಬಹಳ ಕಷ್ಟ. ಮೇದಸ್ಸಿನ ಪರೀಕ್ಷೆಯನ್ನು ವೈದ್ಯರು ಬೇಡಿದಾಗ ಪ್ರತಿಸಲವೂ ಒಂದೇ ಪ್ರಯೋಗಾಲಯದಲ್ಲಿ, ಅವರು ಹೇಳಿದ್ದರೆ ಉಪವಾಸವಿದ್ದು, ಮಾಡಿಸುವುದು ಮೇಲು. ಚಿಕಿತ್ಸೆಗೆ ಮೊದಲಿನ ಕಾಗದವನ್ನು ಮಾತ್ರ ಎಂದೂ ಕಳೆದುಕೊಳ್ಳಬಾರದು. ಅದಿಲ್ಲದಿದ್ದರೆ ಮುಂದಿನ ಅಂಕಿಗಳನ್ನು ಹೋಲಿಸಿ ನೋಡಲು ಆಧಾರವೇ ಇರುವುದಿಲ್ಲ.