ಮಾಲೀಕರು ಸಾಲ ಕಟ್ಟದಿದ್ದರೆ ಬಾಡಿಗೆದಾರರ ಗತಿಯೇನು?



ನಮ್ಮ ಸಂಘಗಳ ಸದಸ್ಯೆಯರಲ್ಲಿ ಹಲವರು ಬಾಡಿಗೆ ಅಥವಾ ಭೋಗ್ಯದ ಮನೆಯಲ್ಲಿದ್ದಾರೆ. ಕೆಲವರು ಸ್ವಂತ ಮನೆಯ ಪತ್ರ ಇಟ್ಟು ಸಾಲ ಪಡೆದಿದ್ದಾರೆ. ಗಂಡನ ಅಥವಾ ಮಗನ ಸಾಲಕ್ಕೆ ಜಾಮೀನು ಸಹಿ ಹಾಕಿದವರೂ ಇದ್ದಾರೆ. ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟಿಸಿದ ಮೇಲೆ "ಇದೇನು?" ಎಂದು ಕೇಳುವುದಕ್ಕಿಂತ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?

ಬ್ಯಾಂಕು ಏನು ಮಾಡಬಹುದು?

2002ರಲ್ಲಿ ಬಂದ ಸರ್ಫೇಸಿ ಕಾಯಿದೆಯ ಪ್ರಕಾರ, ಅಡಮಾನವಿಟ್ಟ ಮನೆಯನ್ನು ಬ್ಯಾಂಕು ಸಿವಿಲ್ ಕೋರ್ಟಿಗೆ ಹೋಗದೆಯೇ ಮಾರಬಹುದು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೃಷಿ ಜಮೀನಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಕೈಸಾಲ ಕೊಟ್ಟ ಬಡ್ಡಿ ವ್ಯಾಪಾರಿಗೂ ಈ ಅಧಿಕಾರವಿಲ್ಲ. ಅವರು ಬಂದು ಮನೆಗೆ ಬೀಗ ಹಾಕ್ತೀವಿ ಅಂದರೆ ಹೆದರಬೇಡಿ. ಅವರು ಕೋರ್ಟಿಗೇ ಹೋಗಬೇಕು.

ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಸಾಲ ಕೆಟ್ಟ ಸಾಲವಾಗುತ್ತದೆ. ಆಗ ಬ್ಯಾಂಕು 60 ದಿನಗಳ ನೋಟಿಸು ಕೊಡಬೇಕು. ಈ ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಬ್ಯಾಂಕು ಉತ್ತರಿಸಬೇಕು. 60 ದಿನ ಕಳೆದೂ ಹಣ ಕಟ್ಟದಿದ್ದರೆ ಮನೆ ಸ್ವಾಧೀನಕ್ಕೆ ಹೋಗುತ್ತದೆ. ಆಮೇಲೆ ಹರಾಜಿನ ಪ್ರಕಟಣೆ ಬರುತ್ತದೆ. ಆ ಪ್ರಕಟಣೆಗೆ ಮೊದಲು ಬಾಕಿ ಮತ್ತು ಖರ್ಚು ಪೂರ್ತಿ ಕಟ್ಟಿದರೆ ಮನೆ ಉಳಿಯುತ್ತದೆ. ಹರಾಜಿನಲ್ಲಿ ಸಾಲ ತೀರಿ ಹಣ ಮಿಕ್ಕರೆ ಅದು ಮಾಲೀಕರದು. ಕಡಿಮೆ ಬಿದ್ದರೆ ಬ್ಯಾಂಕು ಸಾಲಗಾರರನ್ನೂ ಜಾಮೀನುದಾರರನ್ನೂ ಕೇಳಬಹುದು. "ಸುಮ್ನೆ ಒಂದು ಸಹಿ ಹಾಕು" ಎಂದು ಮನೆಯವರು ಹೇಳಿದಾಗ ಇದು ನೆನಪಿರಲಿ. ಸಹಿ ಹಾಕಿದ ಮೇಲೆ ಆ ಸಾಲ ನಮ್ಮದೂ ಹೌದು.

ಬಾಡಿಗೆದಾರರಿಗೆ ರಕ್ಷಣೆ ಇದೆಯೇ?

ಇದೆ, ಆದರೆ ಎಲ್ಲರಿಗೂ ಒಂದೇ ರೀತಿ ಇಲ್ಲ. ಮನೆ ಅಡಮಾನ ಆಗುವ ಮೊದಲೇ ನೀವು ಸರಿಯಾದ ಕರಾರಿನ ಮೇಲೆ ಬಾಡಿಗೆಗೆ ಬಂದಿದ್ದರೆ ಆ ಹಕ್ಕಿಗೆ ಬೆಲೆಯಿದೆ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಬಾಯಿಮಾತಿನ ಅಥವಾ ನೋಂದಣಿಯಿಲ್ಲದ ಕರಾರಿಗೆ ಒಂದು ವರ್ಷಕ್ಕಿಂತ ಹೆಚ್ಚು ರಕ್ಷಣೆ ಸಿಗದು ಎಂದು 2019ರಲ್ಲಿ ಅದೇ ಕೋರ್ಟು ತೀರ್ಪು ಕೊಟ್ಟಿದೆ. 60 ದಿನಗಳ ನೋಟಿಸು ಬಂದ ಮೇಲಂತೂ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕರು ಆ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ.

ಬಾಡಿಗೆಯನ್ನು ತನಗೇ ಕಟ್ಟಿ ಎಂದು ಬ್ಯಾಂಕು ಬರಹದಲ್ಲಿ ಕೇಳಿದರೆ ಬ್ಯಾಂಕಿಗೇ ಕಟ್ಟಿ ರಸೀದಿ ಪಡೆಯಿರಿ. ಮಾಲೀಕರು ಅದೇ ಬಾಡಿಗೆಯನ್ನು ಇನ್ನೊಮ್ಮೆ ಕೇಳುವಂತಿಲ್ಲ.

ಭೋಗ್ಯದಲ್ಲಿ ಅಪಾಯ ಹೆಚ್ಚು

ತಿಂಗಳ ಬಾಡಿಗೆ ಇಲ್ಲ ಎಂಬ ಆಸೆಗೆ ಚೀಟಿ ಎತ್ತಿ, ಒಡವೆ ಮಾರಿ ಲಕ್ಷಗಟ್ಟಲೆ ಹಣ ಕೊಡುತ್ತೇವೆ. ಈಗಾಗಲೇ ಅಡಮಾನವಾಗಿರುವ ಮನೆಯನ್ನು ಮಾಲೀಕರು ಬಾಡಿಗೆಗೆ ಕೊಡಲು ಕಾನೂನಿನಲ್ಲಿ ಮಿತಿಯಿದೆ: ಕಟ್ಟಡವಾದರೆ ಮೂರು ವರ್ಷ ಮೀರಬಾರದು, ಬಾಡಿಗೆಯನ್ನು ಮುಂಗಡವಾಗಿ ಪಡೆಯಬಾರದು. ಭೋಗ್ಯದಲ್ಲಿ ದೊಡ್ಡ ಮೊತ್ತ ಒಟ್ಟಿಗೇ ಹೋಗುವುದರಿಂದ ಇಲ್ಲೇ ತೊಡಕು. ಕರಾರು ಬರೇ ಛಾಪಾ ಕಾಗದದ ಮೇಲಿದ್ದರೆ, ನಮ್ಮ ಹಣ ಮಾಲೀಕರ ಕೈಸಾಲದಂತೆ ಆಗಿಬಿಡುತ್ತದೆ. ಹರಾಜಿನ ಹಣದಲ್ಲಿ ಮೊದಲ ಪಾಲು ಬ್ಯಾಂಕಿನದು.

ಮಾಲೀಕರು ದಿವಾಳಿ ಅರ್ಜಿ ಹಾಕಿದರೆ?

"ಪಾಪರ್ ಆದರೆ ಸಾಲವೆಲ್ಲ ಮನ್ನಾ" ಎಂಬುದು ತಪ್ಪು ತಿಳಿವಳಿಕೆ. 1920ರ ಪ್ರಾಂತೀಯ ದಿವಾಳಿ ಕಾಯಿದೆಯಡಿ ಕೋರ್ಟು ಒಬ್ಬರನ್ನು ದಿವಾಳಿ ಎಂದು ಘೋಷಿಸಿದಾಗ ಅವರ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ. ಆದರೆ ಅಡಮಾನ ಹಿಡಿದ ಬ್ಯಾಂಕಿನ ಹಕ್ಕು ಹಾಗೆಯೇ ಉಳಿಯುತ್ತದೆ. ಹೀಗಾಗಿ ದಿವಾಳಿ ಅರ್ಜಿಯಿಂದ ಅಡಮಾನದ ಮನೆ ಉಳಿಯದು. ಮುಂಗಡ ಕೊಟ್ಟ ಬಾಡಿಗೆದಾರರು, ಕೈಸಾಲ ಕೊಟ್ಟವರು ಉಳಿದುದರಲ್ಲಿ ಪಾಲಿಗಾಗಿ ಕಾಯಬೇಕು. ಕಾಯಬೇಕಾದವರು ತಮಗೆ ಬರಬೇಕಾದ ಹಣಕ್ಕೆ ದಾಖಲೆ ತೋರಿಸಬೇಕು. ದಾಖಲೆಯಿಲ್ಲದ ಮಾತು ಅಲ್ಲಿ ನಡೆಯುವುದಿಲ್ಲ.

ಮುಂಗಡ ಕೊಡುವ ಮೊದಲು ನಾವು ಮಾಡಬೇಕಾದ್ದು

1. ಮನೆಯ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟ ಸಾಲ ಕೆಲವೊಮ್ಮೆ ಇದರಲ್ಲಿ ಕಾಣದು. ಆದ್ದರಿಂದ ಸೆರ್ಸೈ ಎಂಬ ಕೇಂದ್ರ ದಾಖಲೆಯಲ್ಲೂ ಶುಲ್ಕ ಕಟ್ಟಿ ಹುಡುಕಿಸಿ.

2. ಮೂಲ ಪತ್ರ ತೋರಿಸಲು ಮಾಲೀಕರನ್ನು ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲಪತ್ರ ಎಲ್ಲಿದೆ ಎಂದು ವಿಚಾರಿಸಿ.

3. ಕರಾರನ್ನು ನೋಂದಣಿ ಮಾಡಿಸಿ. ಖರ್ಚು ಎಂದು ಹಿಂಜರಿಯಬೇಡಿ.

4. ಹಣವನ್ನು ಚೆಕ್ ಅಥವಾ ಬ್ಯಾಂಕಿನ ಮೂಲಕವೇ ಕೊಡಿ. ಬಾಡಿಗೆ ರಸೀದಿ, ಕರೆಂಟ್ ಬಿಲ್ಲು ಜೋಪಾನವಾಗಿಡಿ.

ನೋಟಿಸು ಬಂದೇಬಿಟ್ಟರೆ?

ಮಾಲೀಕರ ಹೆಸರಿನಲ್ಲಿದೆ ಎಂದು ಹರಿದು ಹಾಕಬೇಡಿ. ತಾರೀಕು ಬರೆದಿಟ್ಟುಕೊಂಡು, ನೀವು ಬಾಡಿಗೆದಾರರು ಎಂದು ದಾಖಲೆಯ ನಕಲಿನೊಂದಿಗೆ ಬ್ಯಾಂಕಿಗೆ ಬರೆದು ಸ್ವೀಕೃತಿ ಪಡೆಯಿರಿ. ಬ್ಯಾಂಕು ಸ್ವಾಧೀನದ ಕ್ರಮ ಕೈಗೊಂಡ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಬಾಡಿಗೆದಾರರ ಹಕ್ಕನ್ನು ಪರಿಶೀಲಿಸುವ ಅಧಿಕಾರ 2016ರ ತಿದ್ದುಪಡಿಯಿಂದ ಅದಕ್ಕೆ ಸಿಕ್ಕಿದೆ.

ವಕೀಲರಿಗೆ ದುಡ್ಡಿಲ್ಲ ಎನ್ನಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲಿ ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗಲು ಅಳುಕಾದರೆ ಸಂಘದ ಇಬ್ಬರು ಜೊತೆಗೆ ಹೋಗಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ಯಾರ ಮನೆಯ ಕರಾರು ನೋಂದಣಿಯಾಗಿದೆ, ಯಾರು ಯಾವ ಸಾಲಕ್ಕೆ ಸಹಿ ಹಾಕಿದ್ದಾರೆ ಎಂದು ಒಬ್ಬೊಬ್ಬರೂ ಹೇಳಲಿ. ಉಳಿತಾಯದ ಲೆಕ್ಕ ಬರೆದಷ್ಟೇ ಎಚ್ಚರದಿಂದ ಮನೆಯ ಕಾಗದಪತ್ರವನ್ನೂ ನೋಡಿಕೊಳ್ಳೋಣ.