ಕಿಣ್ವ: ಒಂದು ಪದದ ಪೂರ್ವಾಶ್ರಮ

ಶಾಲೆಯ ಜೀವಶಾಸ್ತ್ರದ ಪುಸ್ತಕಗಳಲ್ಲಿ ಇಂದು 'ಎನ್‌ಜೈಮ್' ಎಂಬುದಕ್ಕೆ 'ಕಿಣ್ವ' ಎಂಬ ಪದ ರೂಢವಾಗಿದೆ. ಆಹಾರವು ಜೀರ್ಣವಾಗುವ ಬಗೆಯನ್ನು ಓದುವ ಬಾಲಕನು ಈ ಪದವನ್ನು ಕಂಠಪಾಠ ಮಾಡುತ್ತಾನೆ. ಆದರೆ ಇದರ ಪೂರ್ವಾಶ್ರಮವಿರುವುದು ಸುರೆ ಕಾಯಿಸುವವನ ಮನೆಯಲ್ಲಿ ಎಂಬುದನ್ನು ಅವನಿಗೆ ಯಾರೂ ತಿಳಿಸುವುದಿಲ್ಲ.

ಈ ಸಂಗತಿಯ ಮುಖ್ಯ ಆಕರ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮುದ್ರಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಉಪಕಾರವನ್ನು ಇಲ್ಲಿ ಸ್ಮರಿಸಬೇಕು. ಅದರ ಎರಡನೆಯ ಅಧಿಕರಣದ ಇಪ್ಪತ್ತೈದನೆಯ ಅಧ್ಯಾಯವು ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯವನ್ನು ಕುರಿತದ್ದು. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಪಾನಗಳನ್ನು ಅಲ್ಲಿ ಹೆಸರಿಸಿದೆ. ದ್ರಾಕ್ಷಾರಸವೇ ಮಧು. ಧಾನ್ಯದಿಂದಾಗುವ ಮೇದಕ, ಪ್ರಸನ್ನಾಗಳಿಗೆ ಮಾತ್ರ ಕಿಣ್ವದ ಅಳತೆಯನ್ನು ಹೇಳಿದೆ.

ಕಾರಣ ಸ್ಪಷ್ಟವಾಗಿದೆ. ದ್ರಾಕ್ಷಿಯಲ್ಲಿ ಸಕ್ಕರೆ ಸಿದ್ಧವಾಗಿಯೇ ಇದೆ. ಯೀಸ್ಟೆಂಬ ಸೂಕ್ಷ್ಮಜೀವಿ ಅದನ್ನು ತಿಂದು ಮದ್ಯಸಾರವನ್ನಾಗಿಸುತ್ತದೆ. ಅಕ್ಕಿಯಲ್ಲಿರುವುದು ಪಿಷ್ಟ, ಅದು ಯೀಸ್ಟಿಗೆ ದಕ್ಕುವುದಿಲ್ಲ. ಮೊದಲು ಅದನ್ನು ಸಕ್ಕರೆಯಾಗಿ ಒಡೆಯಬೇಕು. ಯುರೋಪಿನವರು ಬಾರ್ಲಿಯನ್ನು ಮೊಳೆಯಿಸಿ ಈ ಕಾರ್ಯವನ್ನು ಸಾಧಿಸಿದರು. ಪೂರ್ವ ಹಿಮಾಲಯದ ಸೀಮೆಯಲ್ಲಿ ಇಂದಿಗೂ ಅಕ್ಕಿಹಿಟ್ಟಿಗೆ ಗಿಡಮೂಲಿಕೆಗಳನ್ನು ಬೆರೆಸಿ, ಬಿಲ್ಲೆ ತಟ್ಟಿ ಒಣಗಿಸಿದ 'ಮರ್ಚಾ'ವನ್ನು ಬಳಸುತ್ತಾರೆ. ಅದರಲ್ಲಿ ಬೂಷ್ಟೂ ಯೀಸ್ಟೂ ಜೊತೆಯಾಗಿರುತ್ತವೆ: ಒಂದು ಪಿಷ್ಟವನ್ನು ಒಡೆಯುತ್ತದೆ, ಇನ್ನೊಂದು ಸಕ್ಕರೆಯನ್ನು ಹುದುಗಿಸುತ್ತದೆ.

ಕೌಟಿಲ್ಯನ ಕಿಣ್ವವೂ ಇದೇ ಜಾತಿಯದೆಂದು ನನ್ನ ಎಣಿಕೆ. ಒಂದು ದ್ರೋಣದಷ್ಟು ಅರೆದ ಉದ್ದು, ಹಸಿಯಾದರೂ ಸರಿ, ಬೇಯಿಸಿದ್ದಾದರೂ ಸರಿ. ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ. ಮೋರಟ ಮುಂತಾದ ಮೂಲಿಕೆಗಳು ಒಂದೊಂದು ಕರ್ಷ. ಉದ್ದು, ಅಕ್ಕಿ ಎಂದೊಡನೆ ನಮಗೆ ಇಡ್ಲಿಯ ಹಿಟ್ಟು ನೆನಪಾಗುವುದು ಸಹಜ. ಆದರೆ ಅಲ್ಲಿ ಬೇಕಾದದ್ದು ಹುಳಿ ಮತ್ತು ಉಬ್ಬು, ಇಲ್ಲಿ ಬೇಕಾದದ್ದು ಸಕ್ಕರೆ.

ಕಿಣ್ವಕ್ಕೆ 'ಹೆಪ್ಪು' ಎಂದು ಅರ್ಥ ಬರೆದು ಮುಗಿಸುವವರು ಮೇದಕದ ಲೆಕ್ಕವನ್ನು ನೋಡಬೇಕು. ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ೩ ಪ್ರಸ್ಥ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕವಾದ್ದರಿಂದ ಅಕ್ಕಿ ಕೇವಲ ೨ ಪ್ರಸ್ಥ. ಅಂದರೆ ಅಕ್ಕಿಗಿಂತ ಕಿಣ್ವವೇ ಹೆಚ್ಚು! ಹಾಲಿಗಿಂತ ಹೆಚ್ಚು ಹೆಪ್ಪು ಹಾಕುವ ಗೃಹಿಣಿಯುಂಟೇ? ಪ್ರಸನ್ನಾದಲ್ಲಿ ೧೨ ಆಢಕ ಹಿಟ್ಟಿಗೆ ೫ ಪ್ರಸ್ಥ, ಎಂದರೆ ಸುಮಾರು ಹತ್ತನೆಯ ಒಂದು ಪಾಲು. ಕಿಣ್ವವು ಸೋಂಕಿಸುವ ಬೀಜವೂ ಹೌದು, ಹುದುಗುವ ದ್ರವ್ಯವೂ ಹೌದು. ಇದನ್ನು ಆಯ್ದು ಕೂಡಿಸುವ ಕೆಲಸ ಹೆಂಗಸರದು, ಮಕ್ಕಳದು ಎಂದು ಗ್ರಂಥವು ವಿಧಿಸುತ್ತದೆ.

ಹೀಗಿರಲು ಸುರೆಯನ್ನು ಹೆಂಡವೆಂದೋ ಸಾರಾಯಿಯೆಂದೋ ಅನುವಾದಿಸುವುದು ಉಚಿತವಲ್ಲ. ಹೆಂಡವು ಈಚಲ ಮರದ ರಸ. ಅದಕ್ಕೆ ಧಾನ್ಯವೂ ಬೇಡ, ಕಿಣ್ವವೂ ಬೇಡ, ಗಡಿಗೆಯಲ್ಲಿ ತಾನಾಗಿಯೇ ಹುದುಗುತ್ತದೆ. ಕರ್ನಾಟಕದಲ್ಲಿ ೨೦೦೭ರಲ್ಲಿ ನಿಷಿದ್ಧವಾದ ಸಾರಾಯಿಯಾದರೋ ಭಟ್ಟಿಯಿಳಿಸಿದ್ದು. ಧರ್ಮೇಶ್ವರಲಿಂಗ ಅಂಕಿತದ ಶರಣ ಹೆಂಡದ ಮಾರಯ್ಯನವರ ಕಾಯಕವನ್ನು ವಿವರಿಸುವಾಗ ಅರ್ಥಶಾಸ್ತ್ರದ ಸುರಾಗೃಹವನ್ನು ಎಳೆದು ತರುವವರು ಮರವನ್ನೂ ಧಾನ್ಯವನ್ನೂ ಒಂದಾಗಿಸುತ್ತಾರೆ.

ಪದದ ಈಚಿನ ಬಾಳು ಮಾತ್ರ ಅಪೂರ್ವವಾದುದು. ೧೮೭೭ರಲ್ಲಿ ಜರ್ಮನಿಯ ಕ್ಯೂನೆ ಎಂಬ ವಿಜ್ಞಾನಿ 'ಎನ್‌ಜೈಮ್' ಎಂಬ ಹೆಸರನ್ನು ಹುದುಗಿನೊಳಗಿರುವುದು ಎಂಬರ್ಥದ ಗ್ರೀಕ್ ಮಾತುಗಳಿಂದಲೇ ಕಟ್ಟಿದನು. ಅದಕ್ಕೆ ಕಿಣ್ವವೆಂಬ ಹೆಸರನ್ನು ಹೊಂದಿಸಿದವರು ಪಿಷ್ಟವನ್ನು ಒಡೆಯುವ ಶಕ್ತಿಗೆ ಪಿಷ್ಟವನ್ನು ಒಡೆಯುತ್ತಿದ್ದ ವಸ್ತುವಿನ ಹೆಸರನ್ನೇ ಕೊಟ್ಟಂತಾಯಿತು. 'ಪಿಷ್ಟ'ವೂ ಪ್ರಸನ್ನಾದ ಪಾಕದಲ್ಲಿ ಹಿಟ್ಟಿಗೆ ಕೌಟಿಲ್ಯನು ಬಳಸಿರುವ ಮಾತೇ.