ಚಾಡಿ ಹೇಳುವ ಫಾಂಟುಗಳು

ಗಂಡಸಿಯಿಂದ ಪದವಿ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ: 'ಲ್ಯಾಪ್‌ಟಾಪಿಗೆ ಟಾರ್ ಬ್ರೌಸರ್ ಹಾಕಿಕೊಂಡೆ. ವಿಂಡೋ ಪೂರ್ತಿ ಹಿಗ್ಗಿಸಿದರೂ ಪುಟದ ಸುತ್ತ ಖಾಲಿ ಪಟ್ಟಿ ಉಳಿಯುತ್ತದೆ. ತಂತ್ರಾಂಶ ಕೆಟ್ಟಿದೆಯೇ?'

ಕೆಟ್ಟಿಲ್ಲ. ಅದು ಬೇಕೆಂದೇ ಬಿಟ್ಟ ಜಾಗ. ಆ ಪಟ್ಟಿ ನನಗೆ ಎಷ್ಟು ಇಷ್ಟವೆಂದರೆ, ಇಂಥ ಪ್ರಶ್ನೆಗಾಗಿ ಕಾಯುತ್ತಿದ್ದೆ.

ಟಾರ್ ಜಾಲದ ಮೂಲ ಸಂಗತಿ ಬಹಳ ಜನಕ್ಕೆ ಗೊತ್ತು. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ವಿಚಾರವಿದು. 2002ರಲ್ಲಿ ಜಾಲ ಶುರುವಾಯಿತು. ನಿಮ್ಮ ಕೋರಿಕೆ ಗೂಢಲಿಪಿಯ ಪದರಗಳನ್ನು ಹೊದ್ದು, ಸ್ವಯಂಸೇವಕರು ನಡೆಸುವ ಮೂರು ಕಂಪ್ಯೂಟರುಗಳನ್ನು ಹಾದುಹೋಗುತ್ತದೆ. ಮೊದಲನೆಯದಕ್ಕೆ ಅದು ಎಲ್ಲಿಂದ ಬಂತೆಂದು ಗೊತ್ತು, ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ. ಕೊನೆಯದಕ್ಕೆ ಅದರ ತದ್ವಿರುದ್ಧ. ಹೀಗೆ ವಿಳಾಸವೇನೋ ಮರೆಯಾಗುತ್ತದೆ.

ಆದರೆ ವಿಳಾಸ ಮರೆಸಿದರೆ ಸಾಲದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬುಡದಲ್ಲಿ ಆನೆಗಳ ಸಾಲಿದೆಯಲ್ಲ, ದೂರದಿಂದ ಎಲ್ಲವೂ ಒಂದೇ. ಹತ್ತಿರ ನಿಂತರೆ ಸೊಂಡಿಲಿನ ತಿರುವು ಬೇರೆ, ಹೆಜ್ಜೆ ಬೇರೆ. ಬ್ರೌಸರುಗಳೂ ಹಾಗೆಯೇ. 2010ರಲ್ಲಿ ಪೀಟರ್ ಎಕರ್ಸ್ಲಿ ಎಂಬುವರು ಸುಮಾರು 4.7 ಲಕ್ಷ ಬ್ರೌಸರುಗಳ ಗುರುತುಗಳನ್ನು ಹೋಲಿಸಿ ನೋಡಿದರು. ಅವುಗಳಲ್ಲಿ ಶೇ. 83.6ರಷ್ಟಕ್ಕೆ ಆ ಗುಂಪಿನಲ್ಲಿ ಜೋಡಿಯೇ ಇರಲಿಲ್ಲ. ಹೆಸರು, ವಿಳಾಸ ಯಾವುದೂ ಬೇಕಿಲ್ಲ. ಪರದೆಯ ಅಳತೆ, ಕಾಲವಲಯ, ಫಾಂಟುಗಳ ಪಟ್ಟಿ ಇಷ್ಟಿದ್ದರೆ ಆಳನ್ನು ಹಿಡಿಯಬಹುದು.

ಫಾಂಟು ಚಾಡಿ ಹೇಳುವ ಬಗೆಯನ್ನು ನೋಡಿ. ವೆಬ್‌ಸೈಟು ನಿಮ್ಮ ಕಣ್ಣಿಗೆ ಬೀಳದ ಕಡೆ ಒಂದು ಪದ ಬರೆಯುತ್ತದೆ. 'ನುಡಿ 01 ಇ ಫಾಂಟು ಇದ್ದರೆ ಅದರಲ್ಲಿ ತೋರಿಸು, ಇಲ್ಲದಿದ್ದರೆ ಮಾಮೂಲಿಯದರಲ್ಲಿ' ಎಂದು ಬ್ರೌಸರಿಗೆ ಹೇಳಿ, ಆ ಪದದ ಅಗಲ ಅಳೆಯುತ್ತದೆ. ಅಗಲ ಮಾಮೂಲಿಗಿಂತ ಹೆಚ್ಚುಕಡಿಮೆಯಾಯಿತೋ, ನಿಮ್ಮಲ್ಲಿ ನುಡಿ ಇದೆ ಎಂದರ್ಥ. ಆಮೇಲೆ ಬರಹದ ಫಾಂಟುಗಳು, ಆಮೇಲೆ ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು. ಇಂಥ ನೂರಾರು ಅಳತೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಪ್ರೀತಿಯಿಂದ ಕನ್ನಡದ ಫಾಂಟು ಕೂಡಿಸಿಟ್ಟುಕೊಂಡವರು ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳ ನಡುವೆ ಎದ್ದು ಕಾಣುತ್ತಾರೆ.

ಟಾರ್ ಬ್ರೌಸರ್ ಇದಕ್ಕೆ ಕೊಡುವ ಉತ್ತರ ಮರೆಸುವುದಲ್ಲ, ಎಲ್ಲರನ್ನೂ ಒಂದೇ ಥರ ಮಾಡುವುದು. ನೀವು ಹಾಕಿಕೊಂಡ ಫಾಂಟುಗಳನ್ನು ಅದು ವೆಬ್‌ಸೈಟಿಗೆ ತೋರಿಸುವುದಿಲ್ಲ. ಲಿನಕ್ಸ್ ಆವೃತ್ತಿಯಂತೂ ತನ್ನದೇ ಫಾಂಟುಗಳ ಗಂಟು ಹೊತ್ತು ಬರುತ್ತದೆ, ಅದರಲ್ಲಿ ನೋಟೋ ಸಾನ್ಸ್ ಕನ್ನಡವೂ ಇದೆ. ಬೇಲೂರಿನಲ್ಲಿ ಹಾಕಿಕೊಂಡರೂ ಬರ್ಲಿನ್ನಿನಲ್ಲಿ ಹಾಕಿಕೊಂಡರೂ ಅದೇ ಗಂಟು. ಖಾಲಿ ಪಟ್ಟಿಯ ಕಾರಣವೂ ಇದೇ. 2019ರಲ್ಲಿ ಬಂದ 9.0 ಆವೃತ್ತಿಯಿಂದ, ಪುಟದ ಅಗಲವನ್ನು 200ರ ಲೆಕ್ಕಕ್ಕೂ ಎತ್ತರವನ್ನು 100ರ ಲೆಕ್ಕಕ್ಕೂ ಇಳಿಸಲಾಗುತ್ತದೆ. ನಿಮ್ಮ ಪರದೆ 1366 ಪಿಕ್ಸೆಲ್ ಅಗಲವಿದ್ದರೆ ಪುಟಕ್ಕೆ ಸಿಗುವುದು 1200, ಎರಡೂ ಬದಿಗೆ 83ರಂತೆ ಖಾಲಿ. ಬೇರೆ ಬೇರೆ ಪರದೆಗಳೆಲ್ಲ ಕೆಲವೇ ಅಳತೆಗಳಲ್ಲಿ ಬೆರೆತುಹೋಗುತ್ತವೆ.

ಹೀಗಿರುವಾಗ 'ಇನ್ನೂ ಭದ್ರವಾಗಲಿ' ಎಂದು ಅದಕ್ಕೆ ಹತ್ತಾರು ಎಕ್ಸ್‌ಟೆನ್ಶನ್ ಸೇರಿಸುವುದು ಶುದ್ಧ ಮೂಢನಂಬಿಕೆ. ಸೇರಿಸಿದಷ್ಟೂ ನೀವು ಬೇರೆಯಾಗುತ್ತೀರಿ. ಇನ್‌ಕಾಗ್ನಿಟೋ ಮೇಲಿನ ಭಕ್ತಿಯೂ ಅಂಥದ್ದೇ. ಅದು ನಿಮ್ಮ ಕಂಪ್ಯೂಟರಿನಲ್ಲಿ ಚರಿತ್ರೆ ಉಳಿಸುವುದಿಲ್ಲ, ಅಷ್ಟೆ. ಇಂಟರ್ನೆಟ್ ಕೊಡುವ ಕಂಪನಿಗೂ ವೆಬ್‌ಸೈಟಿಗೂ ನೀವು ಮೊದಲಿನಂತೆಯೇ ಕಾಣುತ್ತೀರಿ. ಇನ್ನು 'ಕಳ್ಳರಿಗೆ ತಾನೇ ಇದೆಲ್ಲ ಬೇಕು' ಎನ್ನುವವರು ಒಂದು ತೀರ್ಪನ್ನು ನೆನೆಯಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. ತಮಗೆ ಬಂದ ಕಾಯಿಲೆಯ ಬಗ್ಗೆ ಒಬ್ಬರೇ ಕೂತು ಓದಿಕೊಳ್ಳುವವರು ಕಳ್ಳರಲ್ಲ.

ಈ ಬ್ರೌಸರನ್ನು ಸುಸ್ಥಿತಿಯಲ್ಲಿಡುವ ದುಡಿಮೆಗೆ ಬಿಡುವಿಲ್ಲ. ಟಾರ್ ಬ್ರೌಸರಿನ ತಳಪಾಯ ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿ. 2023ರಲ್ಲಿ ಬಂದ 13.0ಕ್ಕೆ ಫೈರ್‌ಫಾಕ್ಸ್ 115 ತಳಪಾಯ, 2024ರ 14.0ಕ್ಕೆ 128. ತಳಪಾಯ ಬದಲಾದಾಗಲೆಲ್ಲ ಟಾರ್ ತಂಡದವರು ತಮ್ಮ ತಿದ್ದುಪಡಿಗಳನ್ನು ಒಂದೊಂದಾಗಿ ಮತ್ತೆ ಕೂರಿಸಬೇಕು, ಹೊಸ ಸೌಲಭ್ಯಗಳಲ್ಲಿ ಯಾವುದು ಹೊಸ ಚಾಡಿಕೋರ ಎಂದು ಹುಡುಕಬೇಕು. ನಡುವೆ ತಿಂಗಳು ತಿಂಗಳೂ ಭದ್ರತೆಯ ತೇಪೆ. ಮೂಲ ಸಂಕೇತ ಎಲ್ಲರಿಗೂ ಮುಕ್ತ. 2013ರಿಂದ ಇನ್ನೊಂದು ಶಿಸ್ತೂ ಇದೆ: ಅದೇ ಸಂಕೇತದಿಂದ ಯಾರು, ಎಲ್ಲಿ ಕೂತು ಕಟ್ಟಿದರೂ ಬಿಟ್ಟಿಗೆ ಬಿಟ್ಟು ಅದೇ ಕಡತ ಬರಬೇಕು. ಬೇರೆ ಬೇರೆಯವರು ಕಟ್ಟಿ ತಾಳೆ ನೋಡುತ್ತಾರೆ. ನಡುವೆ ಯಾರಾದರೂ ಕಳ್ಳಬಾಗಿಲು ಕೊರೆದಿದ್ದರೆ ತಾಳೆಯಲ್ಲೇ ಸಿಕ್ಕಿಬೀಳುತ್ತದೆ.

ಆದ್ದರಿಂದ, ಗಂಡಸಿಯ ಗೆಳೆಯರೇ, ಪಟ್ಟಿಯನ್ನು ಹಾಗೇ ಬಿಡಿ. ಟಾರ್ ತೆರೆದು ನಿಮ್ಮದೇ ಹೆಸರಿನ ಖಾತೆಗೆ ಲಾಗಿನ್ ಆಗಬೇಡಿ, ಆಗ ಯಾವ ತಂತ್ರಾಂಶವೂ ಕಾಯಲಾರದು. ಕೈಲಾದರೆ ಅನುವಾದಕ್ಕೂ ಸೇರಿಕೊಳ್ಳಿ. ಟಾರ್‌ನ ಪದಗಳನ್ನು ವೆಬ್ಲೇಟ್ ಎಂಬ ತಾಣದಲ್ಲಿ ಸ್ವಯಂಸೇವಕರು ತಮ್ಮ ತಮ್ಮ ಭಾಷೆಗೆ ತರುತ್ತಾರೆ, ಅದಕ್ಕೆ ಕೋಡಿಂಗ್ ಬರಬೇಕೆಂದಿಲ್ಲ.